ಕೊಟ್ಟ ಹಣಕ್ಕೆ ತಕ್ಕ ತಿಂಡಿ

ಗೆಳೆಯರೊಡನೆ ಹೋಟೆಲಿಗೆ ಹೋಗಿ ತಿಂಡಿ ತಿನ್ನುವುದು ವಿದ್ಯಾರ್ಥಿಜೀವನದ ಸಣ್ಣ ಸಂತೋಷಗಳಲ್ಲಿ ಒಂದು. ತಿಂದು ಹೊರಗೆ ಬಂದೊಡನೆ ಒಂದು ಚರ್ಚೆ ಹುಟ್ಟುವುದೂ ಅಷ್ಟೇ ಸಹಜ. “ದೋಸೆಯೇನೋ ಚೆನ್ನಾಗಿತ್ತು, ರೇಟು ಜಾಸ್ತಿ ಆತು” ಎಂದು ಒಬ್ಬನು ಹೇಳುವನು. “ಅಷ್ಟು ಅಗಲದ ದೋಸೆಗೆ ಅದೇನು ಜಾಸ್ತಿಯಲ್ಲ ಬಿಡು” ಎಂದು ಇನ್ನೊಬ್ಬನು ಉತ್ತರಿಸುವನು. ಇಬ್ಬರೂ ಅಳತೆ ಮಾಡುತ್ತಿದ್ದಾರೆ. ಆದರೆ ತಾವು ಅಳೆಯುತ್ತಿರುವುದು ಏನನ್ನು ಎಂಬುದನ್ನು ಇಬ್ಬರೂ ಹೇಳುತ್ತಿಲ್ಲ. ಅಳೆಯುವ ಮೊದಲು ಯಾವ ಪರಿಮಾಣವನ್ನು ಅಳೆಯಬೇಕೆಂದು ನಿಶ್ಚಯಿಸಿಕೊಳ್ಳಬೇಕು ಎಂಬುದು ಭೌತಶಾಸ್ತ್ರದ ಮೊದಲ ಪಾಠ. ಆ ಪಾಠವು ಪ್ರಯೋಗಶಾಲೆಯಲ್ಲಿ ಎಷ್ಟು ಸತ್ಯವೋ ಹೋಟೆಲಿನ ಮೇಜಿನ ಮುಂದೆಯೂ ಅಷ್ಟೇ ಸತ್ಯವೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ವಿಚಾರ ಸುಲಭವಾಗುವಂತೆ ಐವರು ಗೆಳೆಯರನ್ನು ಕಲ್ಪಿಸಿಕೊಳ್ಳೋಣ. ಇವರು ಜಗಳೂರು ತಾಲ್ಲೂಕಿನ ಬಿಳಿಚೋಡಿನವರು. ಮಳೆಯನ್ನು ನಂಬಿ ಬೇಸಾಯ ಮಾಡುವ ಮನೆಗಳ ಮಕ್ಕಳು. ದಾವಣಗೆರೆಯ ಕಾಲೇಜಿನಲ್ಲಿ ಓದುತ್ತಿರುವವರು. ದಾವಣಗೆರೆ ಎಂದರೆ ಬೆಣ್ಣೆದೋಸೆ, ಮಂಡಕ್ಕಿ, ಮಿರ್ಚಿ. ನಮ್ಮ ಪಾಠಕ್ಕೆ ಇವಕ್ಕಿಂತ ಉತ್ತಮವಾದ ಉಪಕರಣಗಳು ಬೇಕಿಲ್ಲ. ಮುಂದೆ ಹೇಳುವ ಬೆಲೆಗಳೆಲ್ಲ ಲೆಕ್ಕದ ಅನುಕೂಲಕ್ಕಾಗಿ ಹಿಡಿದವು.

ವ್ಯಾಸವೂ ವಿಸ್ತೀರ್ಣವೂ

ಒಂದು ಹೋಟೆಲಿನಲ್ಲಿ 20 ಸೆಂ.ಮೀ. ವ್ಯಾಸದ ದೋಸೆಗೆ 50 ರೂಪಾಯಿ. ಇನ್ನೊಂದರಲ್ಲಿ 25 ಸೆಂ.ಮೀ. ವ್ಯಾಸದ ದೋಸೆಗೆ 70 ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡೂ ಒಂದೇ ದಪ್ಪ, ಒಂದೇ ರುಚಿ. ಯಾವುದು ಅಗ್ಗ?

ಕಣ್ಣು ವ್ಯಾಸವನ್ನು ನೋಡುತ್ತದೆ. ವ್ಯಾಸ ಹೆಚ್ಚಿದುದು ನಾಲ್ಕರಲ್ಲಿ ಒಂದು ಪಾಲು. ಬೆಲೆ ಹೆಚ್ಚಿದುದು ಐದರಲ್ಲಿ ಎರಡು ಪಾಲು. ಆದ್ದರಿಂದ ಎರಡನೆಯದು ದುಬಾರಿ ಎಂದು ತೋರುವುದು. ಆದರೆ ನಾವು ತಿನ್ನುವುದು ವ್ಯಾಸವನ್ನಲ್ಲವಷ್ಟೆ. ವೃತ್ತದ ವಿಸ್ತೀರ್ಣವು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಚಿಕ್ಕ ದೋಸೆಯ ವಿಸ್ತೀರ್ಣ 3.14 × 10 × 10, ಅಂದರೆ 314 ಚದರ ಸೆಂ.ಮೀ. ದೊಡ್ಡದರ ವಿಸ್ತೀರ್ಣ 3.14 × 12.5 × 12.5, ಅಂದರೆ ಸುಮಾರು 491 ಚದರ ಸೆಂ.ಮೀ. ವಿಸ್ತೀರ್ಣ ಒಂದೂವರೆಪಟ್ಟಿಗಿಂತಲೂ ಹೆಚ್ಚಾಯಿತು. ಒಂದು ಚದರ ಸೆಂಟಿಮೀಟರಿಗೆ ಚಿಕ್ಕ ದೋಸೆಯಲ್ಲಿ ಸುಮಾರು 16 ಪೈಸೆ ಬೀಳುತ್ತದೆ. ದೊಡ್ಡದರಲ್ಲಿ ಸುಮಾರು 14 ಪೈಸೆ. ದುಬಾರಿ ಎಂದು ತೋರಿದುದೇ ಅಗ್ಗವಾಗಿದೆ.

ಇದಕ್ಕಾಗಿ ಹೋಟೆಲಿಗೆ ಅಡಿಪಟ್ಟಿಯನ್ನು ಕೊಂಡೊಯ್ಯಬೇಕಾಗಿಲ್ಲ. ನಿಮ್ಮ ಗೇಣು ಎಷ್ಟು ಸೆಂಟಿಮೀಟರು ಎಂಬುದನ್ನು ಮನೆಯಲ್ಲಿ ಒಮ್ಮೆ ಅಳೆದು ನೆನಪಿಟ್ಟುಕೊಂಡರೆ ಸಾಕು. ಕೈಯೇ ಮಾಪಕವಾಗುತ್ತದೆ.

ಒಂದು ಸೌಟು ಹಿಟ್ಟು

“ಒಂದೇ ದಪ್ಪ” ಎಂದು ಮೇಲೆ ಹಿಡಿದುಕೊಂಡೆವು. ಇದು ನಿಜವಾಗಿ ಬಹಳ ದೊಡ್ಡ ಊಹೆ. 100 ಮಿ.ಲೀ. ಹಿಡಿಯುವ ಒಂದು ಸೌಟು ಹಿಟ್ಟನ್ನು ಕಾವಲಿಯ ಮೇಲೆ 30 ಸೆಂ.ಮೀ. ವ್ಯಾಸಕ್ಕೆ ಹರಡಿದರೆ ಹಸಿಹಿಟ್ಟಿನ ದಪ್ಪ ಸುಮಾರು 1.4 ಮಿ.ಮೀ. ಆಗುತ್ತದೆ. ಅದೇ ಸೌಟನ್ನು 20 ಸೆಂ.ಮೀ. ವ್ಯಾಸಕ್ಕೆ ಹರಡಿದರೆ ದಪ್ಪ ಸುಮಾರು 3.2 ಮಿ.ಮೀ. ಮೊದಲನೆಯದು ತಟ್ಟೆಯ ಅಂಚನ್ನು ದಾಟಿ ಬಾಗುವ ಮಸಾಲೆದೋಸೆ. ಎರಡನೆಯದು ಬೆಣ್ಣೆದೋಸೆಯ ಜಾತಿಗೆ ಸೇರಿದುದು. ಮೊದಲನೆಯದರ ವಿಸ್ತೀರ್ಣ ಎರಡನೆಯದರ ಎರಡೂಕಾಲು ಪಟ್ಟು. ಆದರೂ ಎರಡರಲ್ಲಿಯೂ ಇರುವ ಹಿಟ್ಟು ಒಂದೇ ಸೌಟು.

ಹೀಗೆ ವ್ಯಾಸವನ್ನು ಬಿಟ್ಟು ವಿಸ್ತೀರ್ಣಕ್ಕೆ ಬಂದ ನಾವು ವಿಸ್ತೀರ್ಣವನ್ನೂ ಬಿಟ್ಟು ಗಾತ್ರಕ್ಕೆ ಬರಬೇಕಾಯಿತು. ಹೊಟ್ಟೆ ತುಂಬುವುದೇ ಮುಖ್ಯವಾದರೆ ಸೌಟುಗಳನ್ನು ಎಣಿಸಬೇಕು. ಗರಿಗರಿಯಾಗಿರುವುದೇ ಮುಖ್ಯವಾದರೆ ವಿಸ್ತೀರ್ಣವನ್ನು ನೋಡುವುದೂ ತಪ್ಪಲ್ಲ. ಏಕೆಂದರೆ ಕೆಂಪಗೆ ಬೆಂದ ರುಚಿ ಹುಟ್ಟುವುದು ಕಾವಲಿಗೆ ತಾಗಿದ ಮೇಲ್ಮೈಯಲ್ಲಿ. ತೆಳುವಾದ ದೋಸೆಯು ಮೋಸವಲ್ಲ. ಅದು ಬೇರೊಂದು ಪದಾರ್ಥ.

ಮೇಲೆ ಹಾಕಿದ ಬೆಣ್ಣೆಯನ್ನೂ ಮರೆಯಬಾರದು. ಒಂದು ಗ್ರಾಂ ಅಕ್ಕಿಹಿಟ್ಟಿನಿಂದ ದೇಹಕ್ಕೆ ಸುಮಾರು ಮೂರೂವರೆ ಕಿಲೋಕ್ಯಾಲೊರಿ ಶಕ್ತಿ ದೊರೆತರೆ, ಒಂದು ಗ್ರಾಂ ಬೆಣ್ಣೆಯಿಂದ ಸುಮಾರು ಏಳು ಕಿಲೋಕ್ಯಾಲೊರಿ ದೊರೆಯುತ್ತದೆ. ಒಂದೇ ತೂಕದ ಎರಡು ದೋಸೆಗಳು ಶಕ್ತಿಯಲ್ಲಿಯೂ ತಯಾರಿಕೆಯ ಖರ್ಚಿನಲ್ಲಿಯೂ ಸಮವಾಗಿರಬೇಕಾಗಿಲ್ಲ.

ಮಂಡಕ್ಕಿಯ ರಾಶಿ

ಮಂಡಕ್ಕಿಯ ತಟ್ಟೆಯನ್ನು ತಂದಿಟ್ಟಾಗ ಯಾರಿಗಾದರೂ ಸಮೃದ್ಧಿಯ ಭಾವನೆ ಉಂಟಾಗುತ್ತದೆ. ಇದರ ಗುಟ್ಟು ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿದೆ. ಹದಮಾಡಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದಾಗ ಕಾಳಿನೊಳಗಿನ ತೇವಾಂಶವು ಥಟ್ಟನೆ ಹಬೆಯಾಗುತ್ತದೆ. ನೀರು ವಾಯುಮಂಡಲದ ಒತ್ತಡದಲ್ಲಿ ಹಬೆಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟಾಗುವುದರಿಂದ ಮೆತ್ತಗಾದ ಕಾಳು ಒಳಗಿನಿಂದ ಉಬ್ಬಿ, ಗುಳ್ಳೆಗಳಿಂದ ತುಂಬಿ, ಹಾಗೆಯೇ ಗಟ್ಟಿಯಾಗುತ್ತದೆ. ಗಾತ್ರ ಬೆಳೆಯಿತು, ಪದಾರ್ಥವೇನೂ ಬೆಳೆಯಲಿಲ್ಲ.

ಒಂದು ಲೀಟರ್ ಅಕ್ಕಿ ಸುಮಾರು 800 ಗ್ರಾಂ ತೂಗುತ್ತದೆ. ಒಂದು ಲೀಟರ್ ಮಂಡಕ್ಕಿ 100 ಗ್ರಾಂನ ಆಸುಪಾಸಿನಲ್ಲಿರುತ್ತದೆ. 60 ಗ್ರಾಂ ಮಂಡಕ್ಕಿ ಅರ್ಧ ಲೀಟರಿಗೂ ಹೆಚ್ಚಿನ ರಾಶಿಯಾಗಿ ಕಾಣುತ್ತದೆ. ಅದೇ ತೂಕದ ಅಕ್ಕಿ ಒಂದು ಚಿಕ್ಕ ಕಾಫಿ ಲೋಟವನ್ನೂ ಪೂರ್ತಿಯಾಗಿ ತುಂಬಲಾರದು. ಹೊಟ್ಟೆಗೆ ಸೇರುವ ಧಾನ್ಯ ಎರಡರಲ್ಲಿಯೂ ಹೆಚ್ಚುಕಡಮೆ ಒಂದೇ. ಮಂಡಕ್ಕಿಯನ್ನು ಹೀಗಳೆಯುವ ಉದ್ದೇಶ ಇಲ್ಲಿಲ್ಲ. ಬಹಳ ಹೊತ್ತು ಮಾತನಾಡುತ್ತ ಕುಳಿತುಕೊಳ್ಳಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಜೊತೆಗಾರ ಇಲ್ಲ.

ಹಿಂದೆ ನಮ್ಮ ನಾಡಿನಲ್ಲಿ ‘ಸೇರು’ ಎಂಬ ಒಂದೇ ಹೆಸರು ತೂಕಕ್ಕೂ ಅಳತೆಗೂ ಸಲ್ಲುತ್ತಿತ್ತು. ಹಗುರವಾದ ಪದಾರ್ಥವನ್ನು ಕೊಳ್ಳುವಾಗ ಇವೆರಡರ ಅಂತರ ಎಷ್ಟು ದೊಡ್ಡದೆಂಬುದು ಈಗ ತಿಳಿದಿರಬಹುದು. 1956ರ ತೂಕ ಮತ್ತು ಅಳತೆಗಳ ಕಾಯಿದೆಯು ದೇಶಕ್ಕೆ ಮೆಟ್ರಿಕ್ ಪದ್ಧತಿಯನ್ನು ತಂದ ಮೇಲೆ ತೂಕಕ್ಕೆ ಕಿಲೋಗ್ರಾಂ, ಗಾತ್ರಕ್ಕೆ ಲೀಟರ್ ಎಂದು ಹೆಸರುಗಳೇ ಬೇರೆಯಾದವು.

ಬೈ-ಟು ಕಾಫಿ

ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಬೈ-ಟು ಪದ್ಧತಿ ನಮ್ಮ ನಾಡಿನ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಮೇಲುಗಡೆ ಅಗಲವಾಗಿಯೂ ಕೆಳಗಡೆ ಕಿರಿದಾಗಿಯೂ ಇರುವ ಲೋಟವನ್ನು ತೆಗೆದುಕೊಳ್ಳೋಣ. ತಳದ ವ್ಯಾಸ 4 ಸೆಂ.ಮೀ., ಬಾಯಿಯ ವ್ಯಾಸ 6 ಸೆಂ.ಮೀ., ಎತ್ತರ 8 ಸೆಂ.ಮೀ. ತುದಿ ಕತ್ತರಿಸಿದ ಶಂಕುವಿನ ಸೂತ್ರದಂತೆ ಇದು ಸುಮಾರು 159 ಮಿ.ಲೀ. ಹಿಡಿಯುತ್ತದೆ. ಒಬ್ಬನು ಮೇಲಿನ 4 ಸೆಂ.ಮೀ. ಕಾಫಿಯನ್ನು ತನ್ನ ಲೋಟಕ್ಕೆ ಸುರಿದುಕೊಂಡು, “ಸರಿಯಾಗಿ ಅರ್ಧ ಬಿಟ್ಟಿದ್ದೇನೆ, ನೋಡು” ಎಂದು ಉಳಿದುದನ್ನು ಗೆಳೆಯನಿಗೆ ಕೊಡುತ್ತಾನೆ. ಎತ್ತರದಲ್ಲಿ ಅದು ಅರ್ಧವೇ. ಆದರೆ ಗೆಳೆಯನಿಗೆ ದೊರೆತುದು ಸುಮಾರು 64 ಮಿ.ಲೀ.; ಇವನಿಗೆ ಸೇರಿದುದು 95 ಮಿ.ಲೀ. ಅಂದರೆ ನೂರಕ್ಕೆ ನಲವತ್ತು ಮತ್ತು ಅರುವತ್ತು!

ಕಾಗದವನ್ನು ಶಂಕುವಿನಂತೆ ಸುತ್ತಿದ ಶೇಂಗಾ ಪೊಟ್ಟಣದಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಅಲ್ಲಿ ಗಾತ್ರವು ಎತ್ತರದ ಘನಕ್ಕೆ ಅನುಗುಣವಾಗಿದೆ. ಐದರಲ್ಲಿ ನಾಲ್ಕು ಪಾಲು ಎತ್ತರಕ್ಕೆ ತುಂಬಿದ ಪೊಟ್ಟಣವು “ಹೆಚ್ಚುಕಡಮೆ ತುಂಬಿದೆ” ಎನಿಸುತ್ತದೆ, ಆದರೆ 0.8 × 0.8 × 0.8 = 0.512, ಅಂದರೆ ತುಂಬಿರುವುದು ಅರ್ಧ ಮಾತ್ರ.

ಎತ್ತರಕ್ಕೆ ಮರುಳಾಗುವ ಈ ಸ್ವಭಾವವನ್ನು ಸ್ವಿಟ್ಜರ್‌ಲೆಂಡಿನ ಮನೋವಿಜ್ಞಾನಿ ಜಾನ್ ಪಿಯಾಜೆ ಚಿಕ್ಕಮಕ್ಕಳಲ್ಲಿ ವಿವರವಾಗಿ ಪರೀಕ್ಷಿಸಿದನು. ಅಗಲವಾದ ಪಾತ್ರೆಯ ನೀರನ್ನು ಅವರ ಕಣ್ಣೆದುರಿಗೇ ಎತ್ತರದ ಕಿರಿದಾದ ಪಾತ್ರೆಗೆ ಸುರಿದರೂ, ನೀರು ಹೆಚ್ಚಾಯಿತೆಂದೇ ಅವರು ಹೇಳುತ್ತಿದ್ದರು. ನಾವು ದೊಡ್ಡವರಾದ ಮೇಲೆ ಹಾಗೆ ಹೇಳುವುದಿಲ್ಲ. ಆದರೆ ನಮ್ಮ ಕಣ್ಣು ಆ ಅಭ್ಯಾಸವನ್ನು ಪೂರ್ತಿ ಬಿಟ್ಟಿರುವುದಿಲ್ಲ.

ಇಬ್ಬರು ಹಂಚಿಕೊಳ್ಳುವಾಗ ಹಳೆಯದೊಂದು ಉಪಾಯವಿದೆ: ಒಬ್ಬನು ಪಾಲು ಮಾಡಬೇಕು, ಇನ್ನೊಬ್ಬನು ಮೊದಲು ಆರಿಸಿಕೊಳ್ಳಬೇಕು. ಆಗ ಪಾಲು ಮಾಡುವವನು ಶಂಕುವಿನ ಸೂತ್ರವನ್ನು ತಾನಾಗಿಯೇ ಕಲಿಯುವನು.

ಹತ್ತು ರೂಪಾಯಿಯ ತೂಕ

ಬೆಲೆಯನ್ನು ನೋಡುವ ಕಣ್ಣೂ ಹೀಗೆಯೇ ತಪ್ಪುತ್ತದೆ. ಜರ್ಮನಿಯ ಅರ್ನ್ಸ್ಟ್ ವೇಬರ್ (1795–1878) ಕೈಯಲ್ಲಿ ಹಿಡಿದ ತೂಕಗಳ ಮೇಲೆ ಪ್ರಯೋಗ ನಡೆಸಿ, ನಮಗೆ ಗೊತ್ತಾಗುವುದು ತೂಕದ ವ್ಯತ್ಯಾಸವಲ್ಲ, ಮೊದಲಿದ್ದ ತೂಕಕ್ಕೆ ಆ ವ್ಯತ್ಯಾಸದ ಪ್ರಮಾಣ ಎಂದು ತೋರಿಸಿದನು. ಹಣದ ವಿಷಯದಲ್ಲಿ ಇಂತಹುದೇ ಸ್ವಭಾವವನ್ನು ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನಮನ್ 1981ರಲ್ಲಿ ಪ್ರಕಟಿಸಿದರು. ಇಪ್ಪತ್ತು ನಿಮಿಷದ ದಾರಿಯಲ್ಲಿರುವ ಇನ್ನೊಂದು ಅಂಗಡಿಗೆ ಹೋದರೆ 5 ಡಾಲರು ಉಳಿಯುತ್ತದೆ; ಹೋಗುವಿರಾ ಎಂದು ಅವರು ಕೇಳಿದರು. ವಸ್ತುವಿನ ಬೆಲೆ 15 ಡಾಲರು ಎಂದಾಗ ನೂರಕ್ಕೆ 68 ಮಂದಿ ಹೋಗುವೆವೆಂದರು; 125 ಡಾಲರು ಎಂದಾಗ 29 ಮಂದಿ ಮಾತ್ರ. ಉಳಿಯುವ ಹಣ ಎರಡು ಸಲವೂ ಅದೇ ಐದು ಡಾಲರು.

ನಮ್ಮ ಗೆಳೆಯರು 15 ರೂಪಾಯಿಯ ಕಾಫಿ 20 ಆಯಿತೆಂದು ಅರ್ಧ ಗಂಟೆ ಚರ್ಚಿಸುವರು; 480 ರೂಪಾಯಿಯ ಬಿಲ್ಲಿನಲ್ಲಿ ಐದು ರೂಪಾಯಿ ಹೆಚ್ಚಿದ್ದರೆ ನೋಡುವುದಿಲ್ಲ. ರಜೆಯ ದಿನ ಹತ್ತು ರೂಪಾಯಿ ಅಗ್ಗವಾದ ದೋಸೆಗಾಗಿಯೇ ಬಿಳಿಚೋಡಿನಿಂದ ದಾವಣಗೆರೆಗೆ ಬಸ್ಸು ಹತ್ತಿದರೆ, ಆ ದೋಸೆಯ ಬೆಲೆಗೆ ಹೋಗಿಬರುವ ಚಾರ್ಜನ್ನೂ ಕೂಡಿಸಿಕೊಳ್ಳಬೇಕು. ಕಾಲೇಜಿಗೆಂದು ಹೇಗೂ ಬಂದಿದ್ದ ದಿನ ಕೂಡಿಸಬೇಕಾಗಿಲ್ಲ.

ಬಿಲ್ಲನ್ನು ಹಂಚುವ ಬಗೆ

ಇಲ್ಲಿಯವರೆಗೆ ತಟ್ಟೆಯನ್ನು ಅಳೆದೆವು. ಗೆಳೆಯರ ಕೂಟದಲ್ಲಿ ಅಳೆಯಬೇಕಾದ ಇನ್ನೊಂದು ವಸ್ತುವಿದೆ. ನಾಲ್ವರು ಬೆಣ್ಣೆದೋಸೆ (70), ಮಿರ್ಚಿ (25), ಕಾಫಿ (15) ತೆಗೆದುಕೊಂಡರು. ತಲಾ 110 ರೂಪಾಯಿ. ಐದನೆಯವನು ಮಂಡಕ್ಕಿ (25) ಮತ್ತು ಕಾಫಿ (15) ಮಾತ್ರ ಹೇಳಿದನು, 40 ರೂಪಾಯಿ. ಒಟ್ಟು 480. “ಸಮನಾಗಿ ಹಂಚೋಣ” ಎಂದು ಒಬ್ಬನು ಸ್ನೇಹದಿಂದಲೇ ಹೇಳುತ್ತಾನೆ. ತಲಾ 96 ಆಯಿತು. ನಾಲ್ವರಿಗೆ ಹದಿನಾಲ್ಕು ಹದಿನಾಲ್ಕು ರೂಪಾಯಿ ಉಳಿಯಿತು. ಆ 56 ರೂಪಾಯಿಯನ್ನು ಕೊಟ್ಟವನು ಮಂಡಕ್ಕಿ ತಿಂದವನು. ಅವನು ಅದನ್ನು ಹೇಳಿದ್ದು ರುಚಿಗಾಗಿ ಇರಲಾರದು; ಜೇಬಿನ ಲೆಕ್ಕಕ್ಕಾಗಿ ಇದ್ದೀತು. ಮುಂದಿನ ವಾರ ಕರೆದಾಗ ಅವನು “ನನಗೆ ಹಸಿವಿಲ್ಲ, ನೀವು ಹೋಗಿಬನ್ನಿ” ಎನ್ನುವನು. ಉಳಿದವರಿಗೆ ಕಾರಣ ತಿಳಿಯುವುದಿಲ್ಲ.

ಇದರ ಇನ್ನೊಂದು ಪರಿಣಾಮವೂ ಉಂಟು. ಸಮಪಾಲಿನ ಮೇಜಿನಲ್ಲಿ ಇನ್ನೊಂದು 70 ರೂಪಾಯಿಯ ದೋಸೆಯನ್ನು ತರಿಸಿದವನಿಗೆ ಬೀಳುವ ಖರ್ಚು 14 ರೂಪಾಯಿ ಮಾತ್ರ. ಹದಿನಾಲ್ಕಕ್ಕೆ ದೋಸೆ ಯಾರಿಗೆ ಬೇಡ? ಆದರೆ ಐವರೂ ಹೀಗೆಯೇ ಯೋಚಿಸಿದರೆ ಪ್ರತಿಯೊಬ್ಬನೂ ಎಪ್ಪತ್ತು ರೂಪಾಯಿಯನ್ನೇ ಹೆಚ್ಚಾಗಿ ಕೊಡುವನು. ಯೂರಿ ಗ್ನೀಜಿ ಮತ್ತು ಸಂಗಡಿಗರು ಇಸ್ರೇಲಿನ ಹೈಫಾ ನಗರದಲ್ಲಿ ಆರು ಆರು ಮಂದಿಯನ್ನು ಒಂದು ಮೇಜಿಗೆ ಕೂರಿಸಿ ಇದನ್ನು ಪ್ರಯೋಗದಿಂದ ಪರೀಕ್ಷಿಸಿ, ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು. ತಮ್ಮ ಹಣವನ್ನು ತಾವೇ ಕೊಟ್ಟವರು ಸರಾಸರಿ ಸುಮಾರು 37 ಶೆಕೆಲ್‌ಗಳ ಊಟವನ್ನು ತರಿಸಿದರು. ಸಮನಾಗಿ ಹಂಚಿಕೊಂಡವರು ಸುಮಾರು 51. ಪೂರ್ತಿ ಉಚಿತವೆಂದು ಹೇಳಲ್ಪಟ್ಟವರು ಸುಮಾರು 82. ತಿನ್ನುವವರ ಹಸಿವು ಬದಲಾಗಿರಲಿಲ್ಲ. ಬಿಲ್ಲಿನ ನಿಯಮ ಮಾತ್ರ ಬದಲಾಗಿತ್ತು. ಊರಿನ ಗೋಮಾಳದ ಮೇವಿಗೂ, ಜಗಳೂರಿನಂತಹ ಬರದ ಸೀಮೆಯ ಅಂತರ್ಜಲಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ: ಲಾಭ ಒಬ್ಬನದು, ಖರ್ಚು ಎಲ್ಲರದು ಎಂದಾದಲ್ಲಿ ಬಳಕೆ ಏರುತ್ತದೆ.

ಆದುದರಿಂದ ತಿಂಡಿಯನ್ನು ಹೇಳುವ ಮೊದಲೇ “ಅವರವರದು ಅವರವರು ಕೊಡೋಣ” ಎಂದು ಮಾತಾಡಿಕೊಳ್ಳುವುದು ಉತ್ತಮ. ಈ ಮಾತನ್ನು ಜೇಬು ತುಂಬಿದವನು ಮೊದಲು ಆಡಬೇಕು. ಖಾಲಿ ಜೇಬಿನವನ ಬಾಯಿಂದ ಅದು ಹೊರಡುವುದು ಕಷ್ಟ. ಕೊಡಿಸಬೇಕೆಂಬ ಮನಸ್ಸಿದ್ದವನು “ಇವತ್ತಿನದು ನನ್ನದು” ಎಂದು ಸ್ಪಷ್ಟವಾಗಿ ಹೇಳಲಿ. ಅದು ಔದಾರ್ಯ. ಸಮಪಾಲಿನ ಹೆಸರಿನಲ್ಲಿ ಬಡ ಗೆಳೆಯನಿಂದ 56 ರೂಪಾಯಿ ಪಡೆಯುವುದಕ್ಕೆ ಆ ಹೆಸರು ಸಲ್ಲದು.

ಅಭ್ಯಾಸ

1. 15 ಸೆಂ.ಮೀ. ವ್ಯಾಸದ ಮೂರು ಸೆಟ್‌ದೋಸೆಗಳು 60 ರೂಪಾಯಿಗೆ. ಅದೇ ದಪ್ಪದ, 26 ಸೆಂ.ಮೀ. ವ್ಯಾಸದ ಒಂದು ದೋಸೆಯೂ 60 ರೂಪಾಯಿಗೆ. ಯಾವುದು ಲಾಭ?

2. ಮೇಲೆ ಹೇಳಿದ ಕಾಫಿ ಲೋಟದಲ್ಲಿ ಸರಿಯಾದ ಅರ್ಧವನ್ನು ಗುರುತಿಸಲು ತಳದಿಂದ ಎಷ್ಟು ಎತ್ತರದಲ್ಲಿ ಗೆರೆ ಎಳೆಯಬೇಕು?

3. ಶಂಕುವಿನಾಕಾರದ ಪೊಟ್ಟಣವನ್ನು ಅರ್ಧ ಎತ್ತರಕ್ಕೆ ತುಂಬಿದರೆ ಅದರಲ್ಲಿ ಇರುವುದು ಪೂರ್ತಿಯ ಎಷ್ಟನೆಯ ಪಾಲು?

4. ಒಂದು ಲೀಟರ್ ಪಾತ್ರೆಗೆ ಮಂಡಕ್ಕಿಯನ್ನು ಮೆಲ್ಲನೆ ಸುರಿದು ತೂಗಿರಿ. ಪಾತ್ರೆಯನ್ನು ಕುಟ್ಟಿ, ಇಳಿದ ಜಾಗವನ್ನು ಮತ್ತೆ ತುಂಬಿ ತೂಗಿರಿ. ಎರಡು ತೂಕಗಳ ಅಂತರವೇ ಅಳತೆಯಿಂದ ಕೊಳ್ಳುವವನ ಲಾಭನಷ್ಟದ ಅಂತರ.

ಉತ್ತರಗಳು: 1. ಎರಡೂ ಹೆಚ್ಚುಕಡಮೆ ಸಮ (ಸುಮಾರು 530 ಚದರ ಸೆಂ.ಮೀ.). 2. ಸುಮಾರು 4.8 ಸೆಂ.ಮೀ. 3. ಎಂಟನೆಯ ಒಂದು ಪಾಲು. ನಾಲ್ಕನೆಯದನ್ನು ತಕ್ಕಡಿಯೇ ಹೇಳಬೇಕು.