ನಾಲ್ಕಕ್ಷರದ ಹೆಸರು, ಹನ್ನೊಂದರ ಲೆಕ್ಕ: ಸಾಫ್ಟ್‌ವೇರ್ ಇಂಟರ್ನ್‌ನ ದಿನವೊಂದು ಪಾಠವಾದ ಬಗೆ

ಪ್ರೌಢಶಾಲೆಯಲ್ಲಿ ವೃತ್ತಿ ಮಾರ್ಗದರ್ಶನ ಎಂದರೆ ವೃತ್ತಿಯ ಹೆಸರು, ಓದಬೇಕಾದ ಕೋರ್ಸು, ಬರೆಯಬೇಕಾದ ಪರೀಕ್ಷೆ, ಇಷ್ಟನ್ನು ಹೇಳಿ ಮುಗಿಸುವುದು ರೂಢಿ. ಆ ವೃತ್ತಿಯವರು ಬೆಳಿಗ್ಗೆಯಿಂದ ಸಂಜೆಯವರೆಗೆ ಏನು ಮಾಡುತ್ತಾರೆ ಎಂಬುದು ಮಕ್ಕಳಿಗೆ ತಿಳಿಯದೆಯೇ ಉಳಿಯುತ್ತದೆ. ಬಿ.ಇಡ್.ಗೆ ಸೇರುವ ಮೊದಲು ನಾನು ಬಿ.ಇ. ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಆರು ತಿಂಗಳು ಇಂಟರ್ನ್ ಆಗಿದ್ದೆ. ಈಗ 16 ವಾರಗಳ ಶಾಲಾ ಇಂಟರ್ನ್‌ಶಿಪ್‌ನಲ್ಲಿಯೂ ಅದೇ ಹೆಸರು. ಅಲ್ಲಿಯ ಒಂದು ದಿನವನ್ನು ಇಲ್ಲಿ 9ನೇ ತರಗತಿಗೆ ಎರಡು ಅವಧಿಗಳ ಪಾಠವಾಗಿ ಮಾಡಿದ ಅನುಭವವನ್ನು ಹಂಚಿಕೊಳ್ಳುತ್ತಿದ್ದೇನೆ.

ಪೂರ್ವಜ್ಞಾನ ತಿಳಿಯಲು ಒಂದೇ ಪ್ರಶ್ನೆ ಕೇಳಿದೆ: ಸಾಫ್ಟ್‌ವೇರ್ ಇಂಜಿನಿಯರ್ ದಿನವಿಡೀ ಏನು ಮಾಡುತ್ತಾರೆ? "ಟೈಪ್ ಮಾಡ್ತಾರೆ", "ಎಸಿ ರೂಮಲ್ಲಿ ಕೂತಿರ್ತಾರೆ", "ಫೋನಲ್ಲಿ ಇಂಗ್ಲಿಷ್ ಮಾತಾಡ್ತಾರೆ" ಎಂಬ ಉತ್ತರಗಳು ಬಂದವು. ಸಂಬಳ ಎಷ್ಟು ಎಂದು ಇಬ್ಬರು ಕೇಳಿದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಲ್ಲದೆಯೇ, "ಅದೆಲ್ಲಾ ಇಂಗ್ಲಿಷ್ ಮೀಡಿಯಮ್‌ನೋರ್ಗೆ ಮಿಸ್, ನಮ್ಗಾಗಲ್ಲ" ಎಂದಳು. ಪಾಠದ ಉದ್ದೇಶ ಈ ಮಾತಿಗೆ ಉತ್ತರ ಕೊಡುವುದೇ ಎಂದು ಆಗಲೇ ತೀರ್ಮಾನಿಸಿದೆ. ಇಂಗ್ಲಿಷ್ ಬೇಕಿಲ್ಲ ಎಂದು ಹೇಳಿ ಸಮಾಧಾನಪಡಿಸುವುದು ಸುಲಭ, ಆದರೆ ಅದು ಸುಳ್ಳು. ಕೈಪಿಡಿಗಳು, ದೋಷ ಸಂದೇಶಗಳು ಎಲ್ಲವೂ ಇಂಗ್ಲಿಷಿನಲ್ಲೇ ಇರುತ್ತವೆ, ಓದಲು ಬರಲೇಬೇಕು ಎಂದು ನೇರವಾಗಿಯೇ ಹೇಳಿದೆ. ಆಮೇಲೆ ಆ ದಿನದ ಕಥೆಗೆ ಬಂದೆ.

ದಿನ ಶುರುವಾಗುವುದು ಬೆಳಿಗ್ಗೆ ಹತ್ತಕ್ಕೆ, ತಂಡದವರೆಲ್ಲ ನಿಂತುಕೊಂಡೇ ನಡೆಸುವ ಹದಿನೈದು ನಿಮಿಷದ ಸಭೆಯಿಂದ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಪ್ರತಿಯೊಬ್ಬರೂ ಹೇಳಬೇಕು. ಅಲ್ಲಿ ಸರ್, ಮೇಡಂ ಇಲ್ಲ, ಎಷ್ಟೇ ಹಿರಿಯರಾದರೂ ಹೆಸರು ಹಿಡಿದೇ ಕರೆಯುವುದು. ಇದನ್ನು ಕೇಳಿ ತರಗತಿ ಐದು ನಿಮಿಷ ನಕ್ಕಿತು. ದೋಷದ ದೂರನ್ನು ಅಲ್ಲಿ 'ಟಿಕೆಟ್' ಎನ್ನುತ್ತಾರೆ ಎಂದಾಗ ಮತ್ತೊಮ್ಮೆ.

ಆ ದಿನ ನನ್ನ ಪಾಲಿಗೆ ಬಂದ ಟಿಕೆಟ್ ಇದು: ಗ್ರಾಹಕರಿಗೆ ಹೋಗುವ ಕನ್ನಡ ಎಸ್ಸೆಮ್ಮೆಸ್ಸಿನಲ್ಲಿ ಕೆಲವರ ಹೆಸರು ತಪ್ಪಾಗಿ ಬರುತ್ತಿದೆ. ಲಕ್ಷ್ಮೀದೇವಿ ಎಂಬುವರಿಗೆ 'ಲಕ್ಷ್ಮೀದೇವ' ಎಂದು ಹೋಗಿತ್ತು. ಹೆಸರಿಗೆ ಹತ್ತರ ಮಿತಿ ಇದೆ ಎಂದು ಪ್ರೋಗ್ರಾಮಿನಲ್ಲಿ ಕಂಡಿತು. ಇಲ್ಲಿಗೆ ಕಥೆ ನಿಲ್ಲಿಸಿ ಮಕ್ಕಳನ್ನು ಕೇಳಿದೆ: ಲಕ್ಷ್ಮೀದೇವಿ ಎಂಬುದರಲ್ಲಿ ಎಷ್ಟು ಅಕ್ಷರ? ಎಲ್ಲರೂ ಒಟ್ಟಿಗೆ "ನಾಲ್ಕು" ಎಂದರು. ನಾಲ್ಕಕ್ಷರದ ಹೆಸರು ಹತ್ತರ ಮಿತಿಯನ್ನು ದಾಟಿದ್ದು ಹೇಗೆ?

ಎರಡು ನಿಮಿಷ ಸದ್ದಿಲ್ಲ. ನಾನೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಹುಡುಗ, "ಒತ್ತಕ್ಷರನೂ ಬೇರೆ ಎಣಿಸ್ತಾರಾ ಮಿಸ್?" ಎಂದ. ಅಲ್ಲಿಂದ ಕಪ್ಪುಹಲಗೆಯ ಕೆಲಸ ಮಕ್ಕಳದ್ದೇ ಆಯಿತು. ಯೂನಿಕೋಡ್ ವ್ಯವಸ್ಥೆಯಲ್ಲಿ ಕಂಪ್ಯೂಟರ್ ವ್ಯಂಜನವನ್ನು, ಸ್ವರಚಿಹ್ನೆಯನ್ನು, ವ್ಯಂಜನವನ್ನು ಅರ್ಧವಾಗಿಸುವ ಚಿಹ್ನೆಯನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. 'ಲ' ಒಂದು. 'ಕ್ಷ್ಮೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಕ, ಅರ್ಧ ಚಿಹ್ನೆ, ಷ, ಮತ್ತೆ ಅರ್ಧ ಚಿಹ್ನೆ, ಮ, ದೀರ್ಘ, ಹೀಗೆ ಆರು. 'ದೇ' ಎರಡು, 'ವಿ' ಎರಡು. ಒಟ್ಟು ಹನ್ನೊಂದು. ಹತ್ತಕ್ಕೆ ಕತ್ತರಿಸಿದಾಗ ಬಿದ್ದುಹೋಗಿದ್ದು ಕೊನೆಯ ಗುಡಿಸು ಮಾತ್ರ. ಒಂದು ಗುಡಿಸು ಹೋಗಿ ಹೆಂಗಸು ಗಂಡಸಾದಳು ಎಂದು ಮಕ್ಕಳೇ ಹೇಳಿಕೊಂಡರು. ಪುಟ್ಟಸ್ವಾಮಿಯನ್ನೂ ಹೀಗೇ ಬಿಡಿಸಿದರು: ಅದೂ ನಾಲ್ಕು ಅಕ್ಷರ, ಅದೂ ಹನ್ನೊಂದು. ತಮ್ಮ ತಮ್ಮ ಹೆಸರುಗಳನ್ನು ಚೌಕುಳಿ ಹಾಳೆಯಲ್ಲಿ ಬಿಡಿಸುವುದು ಆ ದಿನದ ಗೃಹಕಾರ್ಯ.

ಎರಡನೆಯ ಅವಧಿಯಲ್ಲಿ, ಹಾಗಾದರೆ ಮಿತಿಯನ್ನು ತೆಗೆದುಹಾಕಿದರಾಯಿತಲ್ಲ ಎಂಬ ಪ್ರಶ್ನೆ ನಿರೀಕ್ಷಿಸಿದಂತೆಯೇ ಬಂತು. ಇಂಟರ್ನ್‌ನ ದಿನದ ಬಹುಪಾಲು ಕಳೆಯುವುದು ಇಂಥ ಕಡೆಯಲ್ಲೇ. ಬರೆಯುವುದಕ್ಕಿಂತ ಬೇರೆಯವರು ಬರೆದದ್ದನ್ನು ಓದುವುದೇ ಹೆಚ್ಚು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಎಂಬ ಸಾಧನದಲ್ಲಿ ಪ್ರತಿಯೊಂದು ಸಾಲನ್ನು ಯಾರು, ಯಾವಾಗ ಬದಲಿಸಿದರು ಎಂಬುದು ಉಳಿದಿರುತ್ತದೆ. ಬದಲಿಸಿದವರು ಕಾರಣ ಬರೆದಿಟ್ಟಿದ್ದರೆ ಅದೂ ಸಿಗುತ್ತದೆ. ಊಟದ ಹೊತ್ತಿನವರೆಗೆ ನಾನು ಆ ಹಳೆಯ ಟಿಪ್ಪಣಿಗಳನ್ನೇ ಓದಿದೆ. ಮಿತಿ ಇಟ್ಟವರು ದಡ್ಡರಾಗಿರಲಿಲ್ಲ. ಇಂಗ್ಲಿಷಿನ ಒಂದು ಎಸ್ಸೆಮ್ಮೆಸ್ಸಿಗೆ 160 ಚಿಹ್ನೆ ಹಿಡಿದರೆ ಕನ್ನಡದ್ದಕ್ಕೆ ಹಿಡಿಯುವುದು 70 ಮಾತ್ರ. ಮೀರಿದರೆ ಒಂದು ಸಂದೇಶ ಎರಡಾಗಿ ಹೋಗುತ್ತದೆ, ಖರ್ಚೂ ಎರಡರಷ್ಟು. ಆ 70ರೊಳಗೆ ಹೆಸರಿಗೆ ಉಳಿದದ್ದು ಹತ್ತು.

ಪರಿಹಾರವನ್ನು ಮಕ್ಕಳೇ ಹುಡುಕಲಿ ಎಂದು ಸಂದೇಶದ ಆರಂಭವನ್ನು ಹಲಗೆಯ ಮೇಲೆ ಬರೆದೆ: 'ಆತ್ಮೀಯ ಗ್ರಾಹಕರಾದ ಲಕ್ಷ್ಮೀದೇವಿ ಅವರೇ'. ಮೊದಲೆರಡು ಪದ ಯಾಕೆ ಬೇಕು ಎಂದು ಒಂದು ಗುಂಪು ಕೇಳಿತು. ಎಣಿಸಿ ನೋಡಿದರೆ ಆ ಎರಡು ಪದಗಳು, ಅವುಗಳ ಮುಂದಿನ ಎರಡು ಖಾಲಿ ಜಾಗಗಳು ಸೇರಿ 17. ಅವನ್ನು ತೆಗೆದರೆ ಹೆಸರಿಗೆ 27 ಸಿಗುತ್ತದೆ. ಹೆಸರು ಅದಕ್ಕೂ ಮೀರಿದರೆ ಪೂರ್ಣ ಅಕ್ಷರ ಮುಗಿದಲ್ಲೇ ನಿಲ್ಲಿಸಬೇಕು, ನಡುವೆ ಕತ್ತರಿಸಬಾರದು. ಕಂಪನಿಯಲ್ಲಿ ನಾನು ಮಾಡಿದ್ದೂ ಇದನ್ನೇ. ಬರೆದದ್ದು ಕೆಲವೇ ಸಾಲು.

ಆದರೆ ಬರೆದ ಸಾಲುಗಳು ಅಲ್ಲಿ ತಕ್ಷಣ ಬಳಕೆಗೆ ಹೋಗುವುದಿಲ್ಲ. ಮೊದಲು ಇನ್ನೊಬ್ಬರು ಓದಿ ಟಿಪ್ಪಣಿ ಹಾಕಬೇಕು. ತಂಡದ ಹಿರಿಯರೊಬ್ಬರು ನನಗೆ ಹಾಕಿದ ಟಿಪ್ಪಣಿಗಳೆಲ್ಲ ಪ್ರಶ್ನೆಗಳೇ: 27 ಎಲ್ಲಿಂದ ಬಂತು, ಮುಂದೆ ಓದುವವರಿಗೆ ಹೇಗೆ ತಿಳಿಯಬೇಕು? ಹೆಸರಿನ ಜಾಗ ಖಾಲಿ ಇದ್ದರೆ ಏನಾಗುತ್ತದೆ? ಕನ್ನಡ ಹೆಸರಿನ ಮುಂದೆ ಇಂಗ್ಲಿಷ್ ಇನಿಷಿಯಲ್ ಇದ್ದರೆ? ತರಗತಿಯಲ್ಲೂ ಇದನ್ನೇ ಮಾಡಿಸಿದೆ. ಪ್ರತಿ ಗುಂಪು ಹೆಸರು ಕತ್ತರಿಸುವ ನಿಯಮ ಬರೆಯಿತು, ಪಕ್ಕದ ಗುಂಪು ಅದರ ಮೇಲೆ ಪ್ರಶ್ನೆಗಳನ್ನಷ್ಟೇ ಬರೆಯಬೇಕು. 'ಚೆನ್ನಾಗಿದೆ', 'ಸರಿಯಿಲ್ಲ' ಎರಡಕ್ಕೂ ನಿಷೇಧ. 'ಗುಣಿತಾಕ್ಷರದ ನಡುವೆ ಕತ್ತರಿಸಬಾರದು' ಎಂಬ ನಿಯಮಕ್ಕೆ ಎದುರು ಗುಂಪು 'ಅನುಸ್ವಾರ ಬಂದರೆ?' ಎಂದು ಬರೆದಿತ್ತು. ಮಂಜುನಾಥ ಅವರ ಗುಂಪಿನಲ್ಲೇ ಇದ್ದ. ಆ ಪ್ರಶ್ನೆ ಬರೆದವಳು ಹಿಂದಿನ ಸಾಲಿನ ಆ ಹುಡುಗಿ.

ಪ್ರಶಿಕ್ಷಣಾರ್ಥಿಗಳಾದ ನಮಗೆ ಸಂಬಂಧಿಸಿದ ಒಂದು ಮಾತು. ಸೂಕ್ಷ್ಮ ಬೋಧನೆಯ 36 ನಿಮಿಷದ ಚಕ್ರದಲ್ಲಿ ಬೋಧನೆಗೆ ಆರು ನಿಮಿಷವಾದರೆ ಪುನರ್‌ಯೋಜನೆಗೆ ಹನ್ನೆರಡು. ಶಾಲೆಗೆ ಹೋದ ಮೇಲೆ ಈ ಪ್ರಮಾಣ ಮಾಯವಾಗುತ್ತದೆ. ಪಾಠಯೋಜನೆಗೆ ಬೆಳಿಗ್ಗೆ ಅವಸರದಲ್ಲಿ ಸಹಿ ಬೀಳುತ್ತದೆ. ವೀಕ್ಷಣಾ ಪುಸ್ತಕದಲ್ಲಿ 'ಧ್ವನಿ ಸ್ಪಷ್ಟವಾಗಿದೆ, ಕಪ್ಪುಹಲಗೆ ಕಾರ್ಯ ಉತ್ತಮ' ಎಂಬ ಹಿಮ್ಮಾಹಿತಿ ಬರುವುದು ಪಾಠ ಮುಗಿದ ಮೇಲೆ. ಅಷ್ಟರಲ್ಲಿ ಮಕ್ಕಳು ಆ ಪಾಠವನ್ನು ಕೇಳಿಯಾಗಿರುತ್ತದೆ. ಕಂಪನಿಯಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ ಇರುವ ಕಾಳಜಿ ನಮ್ಮ 40 ನಿಮಿಷಕ್ಕೂ ಇರಬೇಡವೇ ಎಂದು ನನಗೆ ಅನ್ನಿಸುತ್ತದೆ.

ನಾವು ನಾಲ್ವರು ಸಹಪಾಠಿಗಳು ಕೊನೆಯ ಮೂರು ವಾರ, ಹಿಂದಿನ ದಿನವೇ ಪಾಠಯೋಜನೆಗಳನ್ನು ಬದಲಾಯಿಸಿಕೊಂಡು ತಲಾ ಮೂರು ಪ್ರಶ್ನೆ ಬರೆಯುವುದನ್ನು ರೂಢಿಸಿಕೊಂಡೆವು. ಒಂದು ಯೋಜನೆಗೆ ಹತ್ತು ನಿಮಿಷ ಸಾಕು. ಮೇಲಿನ ಪಾಠದಲ್ಲಿ ನಾಲ್ಕಕ್ಷರದ ಪ್ರಶ್ನೆಯಾದ ಮೇಲೆ ನಾನು ಸುಮ್ಮನಿದ್ದ ಆ ಎರಡು ನಿಮಿಷವೂ ಗೆಳತಿಯ ಟಿಪ್ಪಣಿಯಿಂದಲೇ ಬಂದದ್ದು: 'ಉತ್ತರ ನೀನೇ ಹೇಳುವ ಮೊದಲು ಎಷ್ಟು ಹೊತ್ತು ಕಾಯುತ್ತೀಯ?' ಪಾಠವನ್ನು ಬಳಸಿಕೊಳ್ಳುವ ಕನ್ನಡ ವಿಧಾನದವರು ಮೊದಲ ಅವಧಿಯನ್ನಷ್ಟೇ ತೆಗೆದುಕೊಂಡು 8ನೇ ತರಗತಿಯ ಸಂಯುಕ್ತಾಕ್ಷರದ ಅಭ್ಯಾಸಕ್ಕೆ ಹೊಂದಿಸಬಹುದು. ಎರಡನೆಯದಕ್ಕೆ ಒಂದು ಅವಧಿ ಸಾಲದು, ಗುಂಪುಗಳ ಪ್ರಶ್ನೆಗಳನ್ನು ಓದಿಸಲು ಇನ್ನೂ ಹದಿನೈದು ನಿಮಿಷವಾದರೂ ಬೇಕು.