ಹಳೆಯ ಜೀಪಿನ ಗೇರು ಬೀಳದಿದ್ದರೆ ಮೊದಲು ಏನು ನೋಡಬೇಕು?

ನಮ್ಮ ಸದಸ್ಯರಲ್ಲಿ ಹಲವರ ತೋಟಗಳಲ್ಲಿ ಮೂರು ಗೇರಿನ ಹಳೆಯ ಮಹೀಂದ್ರ ಜೀಪುಗಳು ಇನ್ನೂ ದುಡಿಯುತ್ತಿವೆ. ಅಡಿಕೆಗೆ ಬೋರ್ಡೋ ಹೊಡೆಯುವ ದಿನಗಳಲ್ಲೋ ಕಾಫಿ ಮೂಟೆ ಸಾಗಿಸುವ ಹೊತ್ತಿನಲ್ಲೋ ಗೇರು ಬೀಳದೆ ಹೋದರೆ ಕೆಲಸವೆಲ್ಲ ನಿಲ್ಲುತ್ತದೆ. ಆಗ ಬಹುಮಂದಿ ಗೇರ್ ಬಾಕ್ಸ್ ಕೆಟ್ಟಿತೆಂದೇ ತೀರ್ಮಾನಿಸುತ್ತಾರೆ. ನಾವೂ ಒಮ್ಮೆ ಹಾಗೆಯೇ ತಿಳಿದು ಬಾಕ್ಸ್ ಬಿಚ್ಚಿಸಿದೆವು. ಹಣ ಖರ್ಚಾದ ಮೇಲೆ ಗೊತ್ತಾಯಿತು, ತೊಂದರೆ ಇದ್ದದ್ದು ಕ್ಲಚ್ಚಿನಲ್ಲಿ! ಆದ್ದರಿಂದ ಬಿಚ್ಚುವ ಮುನ್ನ ಈ ಪರೀಕ್ಷೆಗಳನ್ನು ಮಾಡಿ ನೋಡುವುದು ಒಳ್ಳೆಯದು.

1. ಎಂಜಿನ್ ನಿಲ್ಲಿಸಿ ನೋಡುವುದು: ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿ, ಎಲ್ಲ ಗೇರುಗಳನ್ನೂ ಹಾಕಿ ನೋಡಬೇಕು. ನಿಂತಾಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಕರಕರ ಎಂದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೆಂದು ಅರ್ಥ. ನಿಂತಾಗಲೂ ಬಿಗಿಯಾಗಿದ್ದರೆ ತೊಂದರೆ ಗೇರು ಕೋಲಿನಲ್ಲೋ ಬಾಕ್ಸಿನ ಒಳಗೋ ಇರಬಹುದು.

2. ಪೆಡಲಿನ ಸಡಿಲು: ಕ್ಲಚ್ ಪೆಡಲನ್ನು ಕೈಯಿಂದ ಒತ್ತಿದರೆ ಸುಮಾರು ಒಂದು ಅಂಗುಲ ಹಗುರವಾಗಿ ಇಳಿದು, ಆಮೇಲೆ ಬಿಗಿಯಾಗಬೇಕು. ಸಡಿಲು ಬಹಳ ಹೆಚ್ಚಿದ್ದರೆ ಕ್ಲಚ್ಚು ಬಿಡುವುದಿಲ್ಲ. ಸಡಿಲೇ ಇಲ್ಲದಿದ್ದರೆ ಕ್ಲಚ್ಚು ಜಾರುತ್ತದೆ. ಏರಿನಲ್ಲಿ ಎಂಜಿನ್ ಅಬ್ಬರಿಸಿದರೂ ಗಾಡಿ ಹತ್ತದು, ಸುಟ್ಟ ವಾಸನೆಯೂ ಬರುತ್ತದೆ. ಎರಡಕ್ಕೂ ಮೊದಲ ಉಪಾಯ ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಜೋಡಣೆಯನ್ನು ಸರಿಹೊಂದಿಸುವುದು.

3. ಮಳೆಗಾಲದ ತೊಂದರೆ: ಜೀಪು ವಾರಗಟ್ಟಲೆ ಥಂಡಿಯಲ್ಲಿ ನಿಂತಾಗ ಕ್ಲಚ್ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಆಗ ಪೆಡಲ್ ಸರಿಯಿದ್ದರೂ ಗೇರು ಬೀಳದು. ಹಾಗಾಗದಂತೆ ಆಗಾಗ ಎಂಜಿನ್ ಹಚ್ಚಿ, ಕ್ಲಚ್ಚು ಒತ್ತಿ ಬಿಟ್ಟು, ಅಂಗಳದಲ್ಲೇ ಸ್ವಲ್ಪ ಓಡಿಸಬೇಕು. ಅಂಟಿಕೊಂಡಿದ್ದರೆ ಗೇರು ಹಾಕಿಕೊಂಡು ಸ್ಟಾರ್ಟ್ ಮಾಡುವ ಸಾಹಸ ಬೇಡ. ಗಾಡಿ ಒಮ್ಮೆಲೆ ಮುಂದೆ ನುಗ್ಗುತ್ತದೆ. ಬಲ್ಲ ಮೆಕ್ಯಾನಿಕ್ಕಿನಿಂದಲೇ ಬಿಡಿಸಬೇಕು.

4. ಎಣ್ಣೆ: ಗೇರ್ ಬಾಕ್ಸಿನ ಪಕ್ಕದ ಪ್ಲಗ್ ತೆಗೆದಾಗ ಎಣ್ಣೆ ತೂತಿನ ಅಂಚಿನವರೆಗೆ ಇರಬೇಕು. ಹಳ್ಳ ದಾಟಿದ ಜೀಪಿನಲ್ಲಿ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ತಡಮಾಡದೆ ಬದಲಾಯಿಸಿ. ನಾಲ್ಕು ಚಕ್ರದ ಜೋಡಣೆಯ ಬಾಕ್ಸಿನ ಎಣ್ಣೆಯನ್ನೂ ಜೊತೆಗೇ ನೋಡಿ.

5. ಒಂದನೇ ಗೇರು: ಈ ಜೀಪುಗಳ ಒಂದನೇ ಗೇರಿಗೆ ಸಿಂಕ್ರೋಮೆಷ್ ಇಲ್ಲ. ಓಡುತ್ತಿರುವಾಗ ಅದಕ್ಕೆ ಇಳಿಸಲು ಹೋದರೆ ಸದ್ದು ಬರುವುದು ಸಹಜ. ಅದು ಕೆಟ್ಟ ಲಕ್ಷಣವಲ್ಲ. ಆದರೆ ಒತ್ತಾಯಿಸಿದರೆ ಹಲ್ಲು ಮುರಿಯುತ್ತದೆ. ಗಾಡಿ ಪೂರ್ತಿ ನಿಲ್ಲಿಸಿಯೇ ಹಾಕಿ. ಕಡಿದಾದ ಇಳಿಜಾರಿಗೆ ಬೇಕಾದ ಗೇರನ್ನು ಮೇಲೆಯೇ ಹಾಕಿಕೊಂಡು ಇಳಿಯಿರಿ.

6. ಗೇರು ತಾನಾಗಿ ಕಳಚುವುದು: ಇದು ಎಲ್ಲಕ್ಕಿಂತ ಅಪಾಯ. ಮೂಟೆ ತುಂಬಿದ ಜೀಪು ಘಾಟಿ ಇಳಿಯುವಾಗ ಗೇರು ನ್ಯೂಟ್ರಲ್ಲಿಗೆ ಜಾರಿದರೆ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಸವೆದ ಹಲ್ಲು, ಸೋತ ಸ್ಪ್ರಿಂಗು, ಸಡಿಲಾದ ಬೋಲ್ಟು ಇದಕ್ಕೆ ಕಾರಣ. ಕೋಲನ್ನು ಕೈಯಲ್ಲಿ ಹಿಡಿದು ಓಡಿಸುವುದು ಪರಿಹಾರವಲ್ಲ. ಬೋಲ್ಟು ಬಿಗಿ ಮಾಡಿದರೂ ನಿಲ್ಲದಿದ್ದರೆ ಬಾಕ್ಸ್ ಬಿಚ್ಚಿಸಲೇಬೇಕು. ಇಲ್ಲಿ ಖರ್ಚಿಗೆ ಹಿಂಜರಿಯಬಾರದು. ಅಲ್ಲಿಯವರೆಗೆ ಜೀಪಿಗೆ ಮೂಟೆಯನ್ನಾಗಲಿ ಆಳುಗಳನ್ನಾಗಲಿ ಹತ್ತಿಸಬಾರದು.

ಒಟ್ಟಿನಲ್ಲಿ ಮೊದಲು ಪೆಡಲು, ಆಮೇಲೆ ಎಣ್ಣೆ, ನಂತರ ಕೋಲು ಮತ್ತು ಬೋಲ್ಟು, ಕಡೆಗೆ ಬಾಕ್ಸು. ಈ ಕ್ರಮವನ್ನು ಚೀಟಿಯಲ್ಲಿ ಬರೆದು ಜೀಪಿನಲ್ಲೇ ಇಟ್ಟುಕೊಂಡರೆ ಸದಸ್ಯರಿಗೆ ಸಮಯಕ್ಕೆ ಒದಗೀತು.