36 ಸೆಂಟ್, ಒಂದು ಹೆಸರು

ತನ್ನನ್ನು ತಾನು ಪ್ರೀತಿಸಬೇಕು ಎಂಬ ಉಪದೇಶ ಈಗ ಸೋಪಿನ ಜಾಹೀರಾತಿನಲ್ಲೂ ಸಿಗುತ್ತದೆ. ಒಂದು ಫೇಸ್‌ಪ್ಯಾಕ್, ಒಬ್ಬಳೇ ಗೋಕರ್ಣಕ್ಕೊಂದು ಪ್ರವಾಸ, ಕನ್ನಡಿಯ ಮುಂದೆ ನಿಂತು ನಾಲ್ಕು ಒಳ್ಳೆಯ ಮಾತು. ಅಮೆರಿಕದ ಗಾಯಕಿ ಟೀನಾ ಟರ್ನರ್ ಇದನ್ನು ಕಲಿತದ್ದು ಸಾಲ ತೀರಿಸುತ್ತಾ, ಪರಿಚಯದವರ ಮನೆ ಗುಡಿಸಿ ಒರೆಸುತ್ತಾ. ಪ್ರೀತಿ ಅನ್ನುವಂಥದ್ದು ಹುಟ್ಟಿದ್ದು ಅದಾದ ಎಷ್ಟೋ ದಿನಗಳ ಮೇಲೆ. ‘ಐ, ಟೀನಾ’ (1986), ‘ಮೈ ಲವ್ ಸ್ಟೋರಿ’ (2018), ‘ಹ್ಯಾಪಿನೆಸ್ ಬಿಕಮ್ಸ್ ಯು’ (2020) ಎಂಬ ಪುಸ್ತಕಗಳಲ್ಲಿ ಆಕೆಯೇ ತನ್ನ ಬದುಕನ್ನು ಬಿಚ್ಚಿಟ್ಟಿದ್ದಾಳೆ.

1939ರಲ್ಲಿ ಟೆನೆಸಿ ರಾಜ್ಯದ ಹತ್ತಿ ಸೀಮೆಯಲ್ಲಿ ಹುಟ್ಟಿದ ಈ ಹುಡುಗಿಯ ಹೆಸರು ಆ್ಯನಾ ಮೇ ಬುಲ್ಲಕ್. ಬೆಳೆದ ಊರು ನಟ್‌ಬುಷ್. ಹನ್ನೊಂದನೇ ವಯಸ್ಸಿಗೆ ತಾಯಿ ಮನೆ ಬಿಟ್ಟು ಹೋದಳು, ಸ್ವಲ್ಪ ಕಾಲದಲ್ಲೇ ತಂದೆಯೂ ಹೊರಟ. ಅಮ್ಮನಿಗೆ ತಾನು ಬೇಡದ ಮಗು ಎಂಬುದು ಅವಳಿಗೆ ಎಳವೆಯಲ್ಲೇ ಅರ್ಥವಾಗಿತ್ತು. ಮುಂದೆ ಆಕೆ ಸಹಿಸಿಕೊಂಡಿದ್ದರಲ್ಲಿ ಅರ್ಧದಷ್ಟಾದರೂ ಈ ಅರಿವಿನಿಂದಲೇ ಬಂದದ್ದು ಎನ್ನಬಹುದು. ಮನೆಯಲ್ಲಿ ಸಿಗದ ಅಕ್ಕರೆ ಹೊರಗೆ ಒಂದು ಹಿಡಿ ಸಿಕ್ಕರೂ, ಅದಕ್ಕೆ ಎಷ್ಟು ತೆರುತ್ತಿದ್ದೇವೆ ಎಂದು ಯಾರು ಲೆಕ್ಕ ಇಡುತ್ತಾರೆ?

ಹದಿಹರೆಯದಲ್ಲಿ ಸೇಂಟ್ ಲೂಯಿಸ್ ಸೇರಿದ ಆ್ಯನಾ, ಕ್ಲಬ್ಬೊಂದರಲ್ಲಿ ಐಕ್ ಟರ್ನರ್‌ನ ವಾದ್ಯಗೋಷ್ಠಿ ಕೇಳಿ ಮರುಳಾದಳು. ಒಂದು ರಾತ್ರಿ ಬಿಡುವಿನಲ್ಲಿ ಮೈಕು ಕೈಗೆ ಸಿಕ್ಕಿದ್ದೇ ತಡ, ಹಾಡಿಬಿಟ್ಟಳು. 1960ರಲ್ಲಿ ‘ಎ ಫೂಲ್ ಇನ್ ಲವ್’ ಹಾಡಬೇಕಿದ್ದ ಗಾಯಕ ಸ್ಟುಡಿಯೋಗೆ ಬರಲಿಲ್ಲ, ಇವಳೇ ಹಾಡಿದಳು, ಹಾಡು ಗೆದ್ದಿತು. ಐಕ್ ಅವಳನ್ನು ಒಂದು ಮಾತೂ ಕೇಳದೆ ‘ಟೀನಾ ಟರ್ನರ್’ ಎಂದು ಹೆಸರಿಟ್ಟು, ಆ ಹೆಸರನ್ನು ತನ್ನ ಹಕ್ಕಿನಲ್ಲಿ ನೋಂದಾಯಿಸಿಕೊಂಡ. ಇವಳು ಬಿಟ್ಟು ಹೋದರೆ ಇನ್ನೊಬ್ಬಳನ್ನು ಅದೇ ಹೆಸರಲ್ಲಿ ವೇದಿಕೆಗೆ ಹತ್ತಿಸಬಹುದಲ್ಲ! ಬೇಡ ಎಂದದ್ದಕ್ಕೆ ಬೂಟಿನ ಆಕಾರ ಕೆಡದಂತೆ ಒಳಗಿಡುವ ಮರದ ಅಚ್ಚಿನಿಂದ ತಲೆಗೆ ಹೊಡೆದ. ಮದುವೆ ನಡೆದದ್ದು ಇದೆಲ್ಲ ಆದ ಮೇಲೆ, 1962ರಲ್ಲಿ.

ಹಾಗಾದರೆ ಯಾಕೆ ಇದ್ದಳು? ಕೇಳುವವರು ಇವತ್ತಿಗೂ ಇದ್ದಾರೆ. ಆಕೆಯ ಉತ್ತರಗಳು ನಮ್ಮ ಕಡೆಯ ಹೆಂಗಸರ ಬಾಯಲ್ಲಿ ಕೇಳಿದಂತೆಯೇ ಇವೆ. ಬಿಟ್ಟು ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಸಾಕಬೇಕಾದ ನಾಲ್ಕು ಗಂಡುಮಕ್ಕಳಿದ್ದರು, ಅದರಲ್ಲಿ ಇಬ್ಬರು ಐಕ್‌ನ ಮೊದಲಿನ ಸಂಬಂಧದವರು. ಅವನನ್ನು ಕಂಡರೆ ಭಯವೂ ಇತ್ತು, ಅಯ್ಯೋ ಪಾಪ ಎಂಬ ಕನಿಕರವೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಕೈಯಲ್ಲಿ ಕಾಸಿರಲಿಲ್ಲ. ದೇಶವೆಲ್ಲ ಸುತ್ತಿ ಹಾಡುತ್ತಿದ್ದವಳು ಇವಳು, ದುಡ್ಡಿನ ಗಂಟು ಅವನದು. ಭಾರತದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತ, ಬೈಗುಳದ ಜೊತೆಗೆ ಆರ್ಥಿಕ ದೌರ್ಜನ್ಯವನ್ನೂ ಸೇರಿಸಿದ್ದು ಇಂಥ ಸ್ಥಿತಿಗಾಗಿಯೇ. ಮದುವೆಯಾಗದೆ ಗಂಡ ಹೆಂಡಿರಂತೆ ಒಟ್ಟಿಗೆ ಬಾಳಿದ ಹೆಂಗಸರಿಗೂ ಅದರ ರಕ್ಷಣೆ ಇದೆ. 1960ರ ದಶಕದ ಅಮೆರಿಕದಲ್ಲಿ ಮನೆಯೊಳಗಿನ ಏಟನ್ನು ಪೊಲೀಸರು ಗಂಡ ಹೆಂಡಿರ ಜಗಳ ಎಂದೇ ನೋಡುತ್ತಿದ್ದರು.

1968ರಲ್ಲಿ ಆಕೆ ಜೀವ ಕಳೆದುಕೊಳ್ಳಲು ಹೋಗಿ ಉಳಿದಳು. ಐದು ವರ್ಷಗಳ ನಂತರ ಪರಿಚಯದವರಿಂದ ನಿಚಿರೆನ್ ಬೌದ್ಧ ಪಂಥದ ಜಪ ಕಲಿತಳು. ತಾವರೆಯ ಹೆಸರು ಹೊತ್ತ ಸದ್ಧರ್ಮ ಪುಂಡರೀಕ ಸೂತ್ರವನ್ನು ಕೊಂಡಾಡುವ ಮಂತ್ರ ಅದು. ಮಂತ್ರದಿಂದ ಗಂಡ ಬದಲಾಗಲಿಲ್ಲ. ಆದರೆ ದಿನದಲ್ಲಿ ಒಂದಿಷ್ಟು ಹೊತ್ತು, ಐಕ್‌ನ ಅಪ್ಪಣೆ ನಡೆಯದ ಒಂದು ಜಾಗ ಅವಳಿಗೆ ಸಿಕ್ಕಿತು. ಬೆಳೆದ ಊರಿನ ಬಗ್ಗೆ ತಾನೇ ಬರೆದ ‘ನಟ್‌ಬುಷ್ ಸಿಟಿ ಲಿಮಿಟ್ಸ್’ ಬಂದದ್ದೂ ಅದೇ 1973ರಲ್ಲಿ. ಎರಡನ್ನೂ ಜೋಡಿಸಿ ನೋಡಬೇಕೆನಿಸುತ್ತದೆ.

1976ರ ಜುಲೈ ಮೊದಲ ವಾರ ತಂಡ ಡಲ್ಲಾಸ್‌ನಲ್ಲಿ ಇಳಿಯಿತು. ವಿಮಾನ ನಿಲ್ದಾಣದಿಂದ ಹೋಟೆಲಿಗೆ ಹೋಗುವ ದಾರಿಯಲ್ಲಿ ಕಾರಿನೊಳಗೇ ಏಟು ಶುರುವಾಯಿತು. ಈ ಸಲ ಆಕೆ ತಿರುಗಿ ಹೊಡೆದಳು. ಕೋಣೆ ಸೇರಿದಾಗ ಅವಳ ಬಿಳಿ ಸೂಟಿನ ಮೇಲೆ ರಕ್ತ, ಊದಿದ ಮುಖ. ಎಂದಿನಂತೆ ಐಕ್‌ಗೆ ಉಪಚಾರ ಮಾಡಿದಳು, ಅವನು ನಿದ್ದೆ ಹೋಗುವವರೆಗೆ ಕಾದಳು. ಆಮೇಲೆ ಹಿಂಬಾಗಿಲಿನಿಂದ ಹೊರಬಿದ್ದು, ಲಾರಿಗಳು ಓಡುತ್ತಿದ್ದ ಹೆದ್ದಾರಿ ದಾಟಿ ಎದುರಿಗಿದ್ದ ಇನ್ನೊಂದು ಹೋಟೆಲಿಗೆ ಓಡಿದಳು. ಕೈಯಲ್ಲಿದ್ದದ್ದು 36 ಸೆಂಟ್ ಚಿಲ್ಲರೆ, ಒಂದು ಪೆಟ್ರೋಲ್ ಕಾರ್ಡು. ದುಡ್ಡು ಆಮೇಲೆ ಕೊಡುತ್ತೇನೆ ಎಂದಾಗ ಅಲ್ಲಿನ ಮ್ಯಾನೇಜರ್ ಕೋಣೆ ಕೊಟ್ಟ.

ಸಿನಿಮಾಗಳು ಈ ಓಟದ ದೃಶ್ಯಕ್ಕೆ ಸೋಲುತ್ತವೆ. ನಿಜವಾದ ಪಾಠ ಇರುವುದು ಅದರ ನಂತರದ ಬೇಸರದ ವರ್ಷಗಳಲ್ಲಿ. ವಿಚ್ಛೇದನ ಇತ್ಯರ್ಥವಾದದ್ದು 1978ರಲ್ಲಿ. ನ್ಯಾಯಾಲಯದಲ್ಲಿ ಆಕೆ ಜೀವನಾಂಶಕ್ಕೆ ಹೋರಾಡಲಿಲ್ಲ, ಆಸ್ತಿಯನ್ನೂ ಬಿಟ್ಟುಕೊಟ್ಟಳು. ಎರಡು ಕಾರು ಉಳಿದವು, ಜೊತೆಗೆ ತಾನು ಬರೆದ ಹಾಡುಗಳ ಗೌರವಧನದ ಹಕ್ಕು. ಪಟ್ಟು ಹಿಡಿದು ಪಡೆದದ್ದು ‘ಟೀನಾ ಟರ್ನರ್’ ಎಂಬ ಹೆಸರನ್ನು. ಹೊಡೆದು ಇಟ್ಟ ಹೆಸರನ್ನೇ ಯಾಕೆ ಬಯಸಿದಳು ಎಂದು ಮೊದಲಿಗೆ ಆಶ್ಚರ್ಯವಾಗುತ್ತದೆ. ಆದರೆ ಹದಿನಾರು ವರ್ಷ ಆ ಹೆಸರಿಗೆ ದುಡಿದವಳು ಅವಳೇ ತಾನೇ?

ರದ್ದಾದ ಕಾರ್ಯಕ್ರಮಗಳ ನಷ್ಟ ಆಕೆಯ ತಲೆಗೇ ಬಂತು. ಸರ್ಕಾರದ ಆಹಾರ ಚೀಟಿಯಲ್ಲಿ ದಿನಸಿ ತಂದಳು. ಆಸರೆ ಕೊಟ್ಟವರ ಮನೆ ಶುಚಿ ಮಾಡಿ ಋಣ ತೀರಿಸಿದಳು. ಟಿವಿ ಆಟದ ಕಾರ್ಯಕ್ರಮ, ಹೋಟೆಲುಗಳ ಸಣ್ಣ ವೇದಿಕೆ, ಕರೆದಲ್ಲಿಗೆಲ್ಲ ಹೋದಳು. ಪುಸ್ತಕಗಳಲ್ಲಿ ಈ ದಿನಗಳ ಬಗ್ಗೆ ಬರೆಯುವಾಗ ಆಕೆಯ ದನಿಯಲ್ಲಿ ಅವಮಾನವಿಲ್ಲ, ಹಗುರವಿದೆ. ಮನೆ ಬಾಡಿಗೆಯದಾದರೂ ಅಲ್ಲಿ ಯಾರ ಹೆಜ್ಜೆ ಸಪ್ಪಳಕ್ಕೂ ಬೆಚ್ಚುವಂತಿರಲಿಲ್ಲ.

ಉಳಿದದ್ದು ಎಲ್ಲರಿಗೂ ಗೊತ್ತಿರುವ ಗೆಲುವು. ‘ಪ್ರೈವೇಟ್ ಡ್ಯಾನ್ಸರ್’ ಆಲ್ಬಮ್ ಬಂದಾಗ, 1984ರಲ್ಲಿ, ಆಕೆಗೆ 44. ಪ್ರೇಮವನ್ನೇ ಅನುಮಾನಿಸುವ ‘ವಾಟ್ಸ್ ಲವ್ ಗಾಟ್ ಟು ಡೂ ವಿತ್ ಇಟ್’ ಮೊದಲು ಕೇಳಿದಾಗ ಅವಳಿಗೇ ಹಿಡಿಸಿರಲಿಲ್ಲ. ಅದೇ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1988ರಲ್ಲಿ ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಅವಳ ಹಾಡು ಕೇಳಲು ಸುಮಾರು 1.8 ಲಕ್ಷ ಜನ ಸೇರಿದ್ದರು.

ಗೆದ್ದರೂ ಗಾಯ ಬಿಡಲಿಲ್ಲ. ಏಟಿನ ಕಥೆಯನ್ನು 1981ರಲ್ಲಿ ಪತ್ರಿಕೆಯೊಂದಕ್ಕೆ ಒಮ್ಮೆ ಹೇಳಿ ಮುಗಿಸಿಬಿಡೋಣ ಎಂದುಕೊಂಡಿದ್ದಳು. ಮುಂದಿನ ನಲವತ್ತು ವರ್ಷ ಸಂದರ್ಶಕರು ಅದನ್ನೇ ಕೆದಕಿದರು. ತನ್ನ ಬದುಕಿನ ಮೇಲೆ 1993ರಲ್ಲಿ ಸಿನಿಮಾ ಬಂದಾಗ ನೋಡಿಲ್ಲ ಎಂದು ನೇರವಾಗಿ ಹೇಳಿದಳು. ಐಕ್‌ನ ಮನೆಯಲ್ಲಿ ಬೆಳೆದ ಹಿರಿಯ ಮಗ ಕ್ರೇಗ್ 2018ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ತಾಯಿ ಹೊರಬಂದಾಕ್ಷಣ ಮಕ್ಕಳೂ ಹೊರಬಂದಂತಲ್ಲ.

ಮತ್ತೆ ಪ್ರೀತಿ ಬಂದದ್ದು ಜರ್ಮನಿಯ ಸಂಗೀತ ಕಂಪನಿಯಲ್ಲಿದ್ದ, ತನಗಿಂತ ಹದಿನಾರು ವರ್ಷ ಚಿಕ್ಕವನಾದ ಎರ್ವಿನ್ ಬಾಖ್‌ನ ರೂಪದಲ್ಲಿ. 1980ರ ದಶಕದ ನಡುವೆ ಶುರುವಾದ ಸ್ನೇಹಕ್ಕೆ ತಾಳಿಯ ಅವಸರ ಅವಳಿಗಿರಲಿಲ್ಲ. ಜೊತೆಗಿದ್ದಳು, ಸ್ವಿಟ್ಜರ್ಲೆಂಡಿನಲ್ಲಿ ಮನೆ ಮಾಡಿದಳು, ಮದುವೆಗೆ ಒಪ್ಪಿದ್ದು 2013ರಲ್ಲಿ, ತನ್ನ 73ನೇ ವಯಸ್ಸಿನಲ್ಲಿ. 2017ರಲ್ಲಿ ಕಿಡ್ನಿ ಕೈಕೊಟ್ಟಾಗ ಎರ್ವಿನ್ ತನ್ನದೊಂದನ್ನು ಕೊಟ್ಟ. ಆ ಕೊನೆಯ ದಶಕಗಳಲ್ಲಿ ಆಕೆ ಹಾಡಿದ ಸಂಸ್ಕೃತ ಶಾಂತಿಮಂತ್ರದ ವಿಡಿಯೊ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡಿದೆ, ಬೆಳಗಿನ ಶುಭಾಶಯದ ಹೂವುಗಳ ನಡುವೆ.

ತೀರಿಕೊಂಡದ್ದು 2023ರ ಮೇ 24ರಂದು, 83ನೇ ವಯಸ್ಸಿನಲ್ಲಿ. ಅದಕ್ಕೂ ಮುಂಚೆ, 2021ರಲ್ಲಿ, ತನ್ನ ಹಾಡುಗಳ ಹಕ್ಕನ್ನೂ ಚಿತ್ರದ ಹಕ್ಕನ್ನೂ ‘ಟೀನಾ ಟರ್ನರ್’ ಎಂಬ ಹೆಸರಿನ ಹಕ್ಕನ್ನೂ ಸೇರಿಸಿ ಬಿಎಂಜಿ ಕಂಪನಿಗೆ ಮಾರಿದ್ದಳು. ಪತ್ರಿಕೆಗಳ ಅಂದಾಜಿನಂತೆ ಅದರ ಬೆಲೆ ಸುಮಾರು 5 ಕೋಟಿ ಡಾಲರ್.